ಹಳೆಯ ಕಾರ್ಖಾನೆಯ ಲಾಫ್ಟೋ, ಹೊಸ ಕಾಂಡೋವೋ, ಕೋಆಪೋ: ನ್ಯೂಯಾರ್ಕ್‌ನ ಡಂಬೋದಲ್ಲಿ ಮನೆ ಕೊಳ್ಳುವವರಿಗೆ

ಬ್ರೂಕ್ಲಿನ್‌ನ ಡಂಬೋ ಬಡಾವಣೆಯಲ್ಲಿ ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾರ್ಖಾನೆ ಕಟ್ಟಡವೊಂದರಲ್ಲಿ ಲಾಫ್ಟ್ ಕಾಂಡೋ ಮಾರಾಟಕ್ಕಿದೆ ಎಂದುಕೊಳ್ಳಿ. ಲಾಫ್ಟ್ ಅಂದರೆ ಹಳೆಯ ಕಾರ್ಖಾನೆಯ ತೆರೆದ ಮಹಡಿಯನ್ನೇ ಮನೆ ಮಾಡಿದ್ದು, ಕಾಂಡೋ ಅಂದರೆ ನಿಮ್ಮ ಹೆಸರಿಗೇ ಆಗುವ ಫ್ಲಾಟು. ಹನ್ನೆರಡು ಅಡಿ ಎತ್ತರದ ಚಾವಣಿ, ಗೋಡೆ ತುಂಬ ಕಿಟಕಿ, ತೋಳಲ್ಲಿ ತಬ್ಬಲಾಗದಷ್ಟು ದಪ್ಪದ ಕಾಂಕ್ರೀಟ್ ಕಂಬ, ಕಿಟಕಿಯಾಚೆ ಸೇತುವೆ. ಫೋಟೋ ನೋಡಿದ ಕೂಡಲೇ ಮನಸ್ಸು ಅರ್ಧ ಸೋತಿರುತ್ತದೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಎರಡು ಬೀದಿಯಾಚೆ ಹೊಸ ಕಟ್ಟಡದಲ್ಲಿ ‘ಲಾಫ್ಟ್ ಶೈಲಿ’ಯ ಕಾಂಡೋ ಇದೆ. ದಿಬ್ಬ ಹತ್ತಿ ಬ್ರೂಕ್ಲಿನ್ ಹೈಟ್ಸ್ ಕಡೆ ಹೋದರೆ 1920ರ ದಶಕದ ಕೋಆಪ್‌ಗಳಿವೆ, ಅಂದರೆ ಷೇರು ಕೊಂಡು ವಾಸದ ಹಕ್ಕು ಪಡೆಯುವ ಮನೆಗಳು. ಹಡ್ಸನ್ ನದಿ ದಾಟಿದರೆ ಜರ್ಸಿ ಸಿಟಿ, ನಮ್ಮ ಜನ ಹೆಚ್ಚಿರುವ ಊರು. ಈ ನಾಲ್ಕರ ನಡುವೆ ತೂಗಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಲಾಫ್ಟ್ ಕೊಳ್ಳುವವರು ಮೊದಲು ಕಟ್ಟಡವನ್ನು ಆರಿಸಬೇಕು, ಆಮೇಲೆ ಅದರೊಳಗಿನ ಮನೆಯನ್ನು. ಅಡುಗೆಮನೆ ಬದಲಾಯಿಸಬಹುದು, ನೆಲಹಾಸು ಬದಲಾಯಿಸಬಹುದು. ನೂರು ವರ್ಷದ ಹೊರಗೋಡೆ, ಬಾಯ್ಲರ್, ಕಿಟಕಿಯ ದಿಕ್ಕು, ಸರ್ಕಾರಿ ಕಾಗದ ಇವನ್ನು ಒಬ್ಬ ಮಾಲೀಕ ಏನೂ ಮಾಡಲಾರ. ಜನ ಮಾತ್ರ ಕಲ್ಲಿನ ಕೌಂಟರ್ ನೋಡುವುದರಲ್ಲೇ ಅರ್ಧ ಗಂಟೆ ಕಳೆದು ಹೊರಬರುತ್ತಾರೆ.

ಹಳೆಯ ಲಾಫ್ಟ್ ಎಲ್ಲ ಒಂದೇ ಅಲ್ಲ

ಮ್ಯಾನ್‌ಹ್ಯಾಟನ್‌ನ ಸೋಹೋ, ಟ್ರೈಬೆಕಾಗಳ ಲಾಫ್ಟ್ ಒಂದು ಬಗೆ, ಡಂಬೋದ್ದು ಇನ್ನೊಂದು ಬಗೆ. ಸೋಹೋದ ಕಟ್ಟಡಗಳು ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದವು. ಮುಂಭಾಗ ಎರಕದ ಕಬ್ಬಿಣ, ಒಳಗೆ ಮರದ ತೊಲೆ, ಎರಡು ಪಕ್ಕ ಇಟ್ಟಿಗೆ ಗೋಡೆ. ಬ್ರಾಡ್‌ವೇ ಮತ್ತು ಬ್ರೂಮ್ ಬೀದಿ ಸೇರುವಲ್ಲಿರುವ ಹಾವೌಟ್ ಕಟ್ಟಡ 1857ರದ್ದು. ಓಟಿಸ್ ಕಂಪನಿ ಜನರಿಗಾಗಿ ಮಾಡಿದ ಮೊದಲ ವಾಣಿಜ್ಯ ಲಿಫ್ಟ್ ಕೂತದ್ದು ಅಲ್ಲೇ. ಬಟ್ಟೆ, ಪಿಂಗಾಣಿಯ ವ್ಯಾಪಾರ ಅಲ್ಲಿಂದ ಹೋದ ಮೇಲೆ 1960ರ ದಶಕದಲ್ಲಿ ಕಲಾವಿದರು ಆ ಖಾಲಿ ಮಹಡಿಗಳಲ್ಲಿ ಕದ್ದುಮುಚ್ಚಿ ವಾಸಕ್ಕೆ ಇಳಿದರು. ಲಾಫ್ಟ್ ಎಂಬ ಬದುಕಿನ ರೀತಿ ಹುಟ್ಟಿದ್ದು ಆ ಕದ್ದು ವಾಸದಿಂದ.

ಡಂಬೋದ ಕತೆ ರಟ್ಟಿನ ಪೆಟ್ಟಿಗೆಯದು. ರಾಬರ್ಟ್ ಗೇರ್ ಎಂಬ ಉದ್ಯಮಿ ಮಡಚುವ ರಟ್ಟಿನ ಪೆಟ್ಟಿಗೆಗಳನ್ನು ಯಂತ್ರದಲ್ಲಿ ತಯಾರಿಸಿ ದೊಡ್ಡವನಾದವನು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ನದಿದಂಡೆಯಲ್ಲಿ ಸಾಲಾಗಿ ಕಾರ್ಖಾನೆ ಕಟ್ಟಿಸಿದ. ಈ ಜಾಗವನ್ನೇ ಜನ ಗೇರ್‌ವಿಲ್ ಎನ್ನುತ್ತಿದ್ದರು. ಆ ಕಾಲಕ್ಕೆ ಹೊಸದಾಗಿದ್ದ ಬಲವರ್ಧಿತ ಕಾಂಕ್ರೀಟನ್ನು ಅವನು ಧೈರ್ಯವಾಗಿ ಬಳಸಿದ. ಮೇನ್ ಸ್ಟ್ರೀಟ್ 1ರಲ್ಲಿರುವ ಗಡಿಯಾರದ ಗೋಪುರದ ಕಟ್ಟಡ ಅವನದೇ, 1914ರದ್ದು. 1990ರ ದಶಕದ ಕೊನೆಯಲ್ಲಿ ಅದು ಕಾಂಡೋ ಆಯಿತು. ಡಂಬೋದ ಬದಲಾವಣೆ ಅಲ್ಲಿಂದಲೇ ಶುರು ಎನ್ನಬಹುದು.

ಈ ಎರಡು ಬಗೆಯ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಮರದ ತೊಲೆಯ ಕಟ್ಟಡದಲ್ಲಿ ಮೇಲಿನ ಮನೆಯ ಮಗು ಓಡಿದರೆ ನಿಮ್ಮ ತಲೆಯ ಮೇಲೆ ಓಡಿದಂತೆ. ಹಾಗಾಗಿಯೇ ನ್ಯೂಯಾರ್ಕ್‌ನ ಬಹಳಷ್ಟು ಕಟ್ಟಡಗಳಲ್ಲಿ ನೆಲದ 80% ಭಾಗಕ್ಕೆ ಕಾರ್ಪೆಟ್ ಹಾಸಬೇಕೆಂಬ ನಿಯಮವಿದೆ. ಗೇರ್ ಕಾಲದ ಕಾಂಕ್ರೀಟ್ ನೆಲ ಮುದ್ರಣಯಂತ್ರ, ಕಾಗದದ ರಾಶಿ ಹೊರಲು ಹಾಕಿದ್ದು, ಹೆಜ್ಜೆ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಕೇಳಿದರೆ ಸೋಹೋ ಬಿಟ್ಟು ಡಂಬೋ ನೋಡಿ ಎನ್ನುತ್ತೇನೆ. ಸೋಹೋದ ಮುಂಭಾಗದ ಚೆಲುವಿಗೆ ಡಂಬೋ ಸಾಟಿಯಲ್ಲ, ಅದು ನಿಜ. ಆದರೆ ಮನೆಯೊಳಗೆ ಕೂತವರಿಗೆ ಆ ಮುಂಭಾಗ ಕಾಣುವುದಿಲ್ಲವಲ್ಲ.

ಬೆಳಕು ಎಲ್ಲಿಂದ ಬರುತ್ತದೆ

ಲಾಫ್ಟ್ ನೋಡಲು ಹೋದಾಗ ಮೊದಲು ಕಿಟಕಿ ಎಣಿಸಬೇಡಿ, ಕಿಟಕಿ ಎಷ್ಟು ಗೋಡೆಗಳಲ್ಲಿವೆ ಎಂದು ನೋಡಿ. ಮ್ಯಾನ್‌ಹ್ಯಾಟನ್‌ನ ಹಳೆಯ ನಿವೇಶನ 25 ಅಡಿ ಅಗಲ, 100 ಅಡಿ ಉದ್ದ. ಅದರ ಮೇಲೆ ಎದ್ದ ಲಾಫ್ಟ್‌ಗೆ ಮುಂದೆ ಮತ್ತು ಹಿಂದೆ ಮಾತ್ರ ಬೆಳಕು. ನಡುವಿನ ನಲವತ್ತು ಐವತ್ತು ಅಡಿ ಹಗಲಲ್ಲೂ ದೀಪ ಬೇಡುತ್ತದೆ. ಅಲ್ಲಿ ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಯಂತ್ರ ಇಟ್ಟರೂ ಇನ್ನೂ ಜಾಗ ಮಿಗುತ್ತದೆ. ಆ ಮಿಕ್ಕ ಜಾಗವನ್ನು ಗೋಡೆ ಹಾಕಿ ಮುಚ್ಚಿ ಜಾಹೀರಾತಿನಲ್ಲಿ ‘ಹೋಮ್ ಆಫೀಸ್’ ಎಂದು ಬರೆಯುತ್ತಾರೆ. ನಗರದ ನಿಯಮದ ಪ್ರಕಾರ ಕಿಟಕಿಯಿಲ್ಲದ ಕೋಣೆ ಮಲಗುವ ಕೋಣೆ ಅಲ್ಲ. ಮಲಗುವ ಕೋಣೆಗೆ ಕನಿಷ್ಠ 80 ಚದರ ಅಡಿ, ಎತ್ತ ಅಳೆದರೂ 8 ಅಡಿ, ಹೊರಕ್ಕೆ ತೆರೆಯುವ ಕಿಟಕಿ ಬೇಕು. ‘ಮೂರು ಬೆಡ್‌ರೂಮಿನಂತೆ ಬಳಸಬಹುದು’ ಎಂಬ ಮಾತು ಕೇಳಿದರೆ, ಅದು ಎರಡು ಬೆಡ್‌ರೂಮಿನ ಮನೆ ಎಂದೇ ತಿಳಿದು ಬೆಲೆ ಮಾತಾಡಿ. ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ನಮ್ಮಂಥ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ಅವರನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿಸುವುದು ಹೇಗೆ?

ಪಕ್ಕದ ಗೋಡೆಯಲ್ಲೂ ಕಿಟಕಿ ಇದ್ದರೆ ಖುಷಿಪಡುವ ಮೊದಲು ಹತ್ತಿರ ಹೋಗಿ ನೋಡಿ. ಗಾಜಿನೊಳಗೆ ಸಣ್ಣ ತಂತಿಯ ಬಲೆ ಇದೆಯೇ? ಕಿಟಕಿಯ ನೆತ್ತಿಯ ಮೇಲೇ ಸ್ಪ್ರಿಂಕ್ಲರ್ ತಲೆ ಇಳಿಬಿಟ್ಟಿದೆಯೇ? ಹಾಗಿದ್ದರೆ ಅದು ಬಹುಶಃ ನಿವೇಶನದ ಗಡಿಯ ಮೇಲೇ ಇರುವ ಕಿಟಕಿ, ಲಾಟ್ ಲೈನ್ ವಿಂಡೋ. ಪಕ್ಕದವರು ನಾಳೆ ಎತ್ತರಕ್ಕೆ ಕಟ್ಟಿದರೆ ಅದನ್ನು ಇಟ್ಟಿಗೆಯಿಂದ ಮುಚ್ಚಬೇಕಾಗುತ್ತದೆ, ಪರಿಹಾರವೂ ಸಿಗುವುದಿಲ್ಲ. ಆ ಕಿಟಕಿಯನ್ನು ನಂಬಿ ಮಾಡಿದ ಬೆಡ್‌ರೂಮ್ ಕಾನೂನಿನ ಲೆಕ್ಕಕ್ಕೂ ಬರುವುದಿಲ್ಲ. ಪಕ್ಕದ ಕಟ್ಟಡ ಎರಡು ಮಹಡಿಯದ್ದು, ಸುತ್ತಲಿನವು ಹತ್ತು ಮಹಡಿಯವು ಎಂದಾದರೆ ಆ ನೋಟಕ್ಕೆ ಒಂದು ಡಾಲರ್ ಕೂಡ ಹೆಚ್ಚು ಕೊಡಬೇಡಿ.

ಡಂಬೋದ ದೊಡ್ಡ ಕಾರ್ಖಾನೆ ಕಟ್ಟಡಗಳು ಬೀದಿಯಿಂದ ಬೀದಿಗೆ ಚಾಚಿಕೊಂಡಿರುವುದರಿಂದ ಈ ತೊಂದರೆ ಕಡಿಮೆ. ಮೂಲೆ ಮನೆ ಸಿಕ್ಕರೆ ಎರಡು ದಿಕ್ಕಿನ ಬೆಳಕು. ಪೂರ್ವದ ಕಿಟಕಿ ಬೇಕು, ದೇವರ ಕೋಣೆಗೆ ಈಶಾನ್ಯ ಮೂಲೆ ಬೇಕು ಎನ್ನುವವರಿಗೂ ಲಾಫ್ಟ್ ಒಳ್ಳೆಯದೇ. ಒಳಗಿನ ಗೋಡೆಗಳು ಭಾರ ಹೊರುವುದಿಲ್ಲ, ಕಂಬಗಳನ್ನು ಬಿಟ್ಟು ಎಲ್ಲಿ ಬೇಕಾದರೂ ಅಡ್ಡಗೋಡೆ ಎಬ್ಬಿಸಬಹುದು. ಕೆಲವು ಲಾಫ್ಟ್‌ಗಳಲ್ಲಿ ಲಿಫ್ಟ್ ನೇರ ಮನೆಯೊಳಗೇ ತೆರೆದುಕೊಳ್ಳುತ್ತದೆ, ಹೊಸ್ತಿಲು ಎಂಬುದೇ ಇರುವುದಿಲ್ಲ. ರಂಗೋಲಿ ಎಲ್ಲಿ ಹಾಕಲಿ ಎಂದು ಕೇಳುವವರು ಮನೆಯಲ್ಲಿದ್ದರೆ ಮೊದಲೇ ಹೇಳಿಡಿ.

ವಿಸ್ತೀರ್ಣದ ಲೆಕ್ಕದಲ್ಲೂ ಎಚ್ಚರ ಬೇಕು. ಬೆಂಗಳೂರಿನಲ್ಲಿ ಸೂಪರ್ ಬಿಲ್ಟ್ ಅಪ್ ಮತ್ತು ಕಾರ್ಪೆಟ್ ಏರಿಯಾ ನಡುವೆ ಸಿಕ್ಕಿಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಂಡೋದ ಮೂಲ ದಾಖಲೆಯಾದ ಆಫರಿಂಗ್ ಪ್ಲಾನ್‌ನಲ್ಲಿ ಸಾಮಾನ್ಯವಾಗಿ ಹೊರಗೋಡೆಯ ಹೊರಮೈಯಿಂದ ಅಳೆದಿರುತ್ತಾರೆ, ಕಂಬವನ್ನೂ ಸೇರಿಸಿರುತ್ತಾರೆ. ಎರಡಡಿ ದಪ್ಪದ ಹಳೆಯ ಗೋಡೆ ಇದ್ದರೆ ಕಾಗದದ 1,400 ಚದರ ಅಡಿ ಕಾಲಿಗೆ ಅಷ್ಟು ಸಿಗುವುದಿಲ್ಲ. ಟೇಪು ತೆಗೆದುಕೊಂಡು ಹೋಗಿ.

ಒಗ್ಗರಣೆ ಮತ್ತು ರೈಲು

ಗೋಡೆಯಿಲ್ಲದ ಮನೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಹಾಸಿಗೆಯ ತನಕ ಹೋಗುತ್ತದೆ, ಸೋಫಾದಲ್ಲಿ ಮನೆ ಮಾಡುತ್ತದೆ. ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಕಳಿಸುತ್ತದೆಯೋ, ಇಲ್ಲ ಫಿಲ್ಟರ್ ಮೂಲಕ ತಿರುಗಿಸಿ ಮತ್ತೆ ಮನೆಯೊಳಗೇ ಬಿಡುತ್ತದೆಯೋ ಕೇಳಿ. ಕೇಳಿದರೆ ಸಾಲದು, ಹುಡ್ ಚಾಲೂ ಮಾಡಿ ಅದರ ಮೇಲಂಚಿಗೆ ಕೈ ಹಿಡಿಯಿರಿ. ಮುಖಕ್ಕೆ ಗಾಳಿ ಬೀಸಿದರೆ ಅದು ಒಳಗೇ ತಿರುಗುವ ಹುಡ್. ಮೇಲಿನ ಕಪಾಟು ತೆರೆದು ನೋಡಿ, ಕೊಳವೆ ಎಲ್ಲಿಗೆ ಹೋಗಿದೆ? ಎಷ್ಟೋ ಪರಿವರ್ತಿತ ಕಟ್ಟಡಗಳಲ್ಲಿ ಆ ಕೊಳವೆಯೇ ಇರುವುದಿಲ್ಲ. ಆಮೇಲೆ ಹಾಕಿಸೋಣ ಎಂದುಕೊಳ್ಳಬೇಡಿ. ಡಂಬೋದ ಬಹುಭಾಗ 2007ರಿಂದ ಸಂರಕ್ಷಿತ ಐತಿಹಾಸಿಕ ಪ್ರದೇಶ, ಹೊರಗೋಡೆಗೆ ರಂಧ್ರ ಕೊರೆಯಲು ನಗರದ ಲ್ಯಾಂಡ್‌ಮಾರ್ಕ್ಸ್ ಆಯೋಗದ ಅನುಮತಿ ಬೇಕು, ಮನೆ ಮಾಲೀಕರು ಆರಿಸಿದ ಕಟ್ಟಡದ ಮಂಡಳಿಯ ಒಪ್ಪಿಗೆಯೂ ಬೇಕು. ದಿನಾ ಅಡುಗೆ ಮಾಡುವ ಕುಟುಂಬಕ್ಕೆ ಹೊರಕ್ಕೆ ಕೊಳವೆಯಿಲ್ಲದ ಲಾಫ್ಟ್ ನಾನು ಹೇಳಲಾರೆ, ಚಾವಣಿ ಎಷ್ಟೇ ಎತ್ತರವಿರಲಿ.

ಇನ್ನು ಸದ್ದು. 1883ರ ಬ್ರೂಕ್ಲಿನ್ ಸೇತುವೆಯ ಮೇಲೆ ಈಗ ರೈಲು ಓಡುವುದಿಲ್ಲ. ಡಂಬೋದ ನೆತ್ತಿಯ ಮೇಲೆ ಹಾದುಹೋಗುವ, 1909ರಲ್ಲಿ ತೆರೆದ ಮ್ಯಾನ್‌ಹ್ಯಾಟನ್ ಸೇತುವೆಯ ಮೇಲೆ ಬಿ, ಡಿ, ಎನ್, ಕ್ಯೂ ಮಾರ್ಗಗಳ ರೈಲು ಓಡುತ್ತವೆ. ಸೇತುವೆಯ ಪಕ್ಕದ ಬೀದಿಯಲ್ಲಿ ನಿಂತರೆ ಮಾತು ನಿಲ್ಲಿಸಿ ರೈಲು ಹೋದ ಮೇಲೆ ಮುಂದುವರಿಸಬೇಕು. ಒಂದೇ ಕಟ್ಟಡದಲ್ಲಿ ಸೇತುವೆಗೆ ಮುಖಮಾಡಿದ ಮನೆ, ಬೆನ್ನುಮಾಡಿದ ಮನೆ ಎರಡಕ್ಕೂ ಹಗಲು ರಾತ್ರಿಯ ಅಂತರ. ಹಳೆಯ ಕಿಟಕಿಗಳನ್ನು ಬದಲಾಯಿಸಿ ಎರಡು ಪದರದ ಗಾಜು ಹಾಕಿದ್ದಾರೆಯೇ ನೋಡಿ. ಹಾಕಿಲ್ಲದಿದ್ದರೆ, ಕಿಟಕಿಯ ಹೊಣೆ ಮಾಲೀಕರದೋ ಕಟ್ಟಡದ್ದೋ ಎಂದು ಬೈಲಾದಲ್ಲಿ ಓದಿಸಿ. ಇದು ಕಟ್ಟಡದಿಂದ ಕಟ್ಟಡಕ್ಕೆ ಬೇರೆ, ಸಂರಕ್ಷಿತ ಪ್ರದೇಶದಲ್ಲಿ ಒಂದು ದೊಡ್ಡ ಕಿಟಕಿಯ ಖರ್ಚು ಬೆಚ್ಚಿಬೀಳಿಸುವಷ್ಟಿರುತ್ತದೆ.

ವಾಷಿಂಗ್ಟನ್ ಬೀದಿಯಲ್ಲಿ ಸೇತುವೆಯ ಕಾಲುಗಳ ನಡುವೆ ಎಂಪೈರ್ ಸ್ಟೇಟ್ ಕಟ್ಟಡ ಕಾಣುವ ಆ ಪ್ರಸಿದ್ಧ ಜಾಗವಿದೆ. ವಾರಾಂತ್ಯದಲ್ಲಿ ಅಲ್ಲಿ ಫೋಟೋ ತೆಗೆಯುವವರ ಜಾತ್ರೆ. ಅದರ ಆಸುಪಾಸಿನ ಮನೆ ನೋಡುವುದಾದರೆ ಶನಿವಾರ ಮಧ್ಯಾಹ್ನ ಹೋಗಿ.

ಕಾಗದ: ಕಾರ್ಖಾನೆ ಮನೆಯಾದದ್ದು ಹೇಗೆ

ನ್ಯೂಯಾರ್ಕ್‌ನಲ್ಲಿ 1938ಕ್ಕೆ ಮುಂಚಿನ ಕಟ್ಟಡಗಳಿಗೆ, ಬಳಕೆ ಬದಲಾಗದಿದ್ದರೆ, ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿ, ಅಂದರೆ ಕಟ್ಟಡವನ್ನು ಯಾವುದಕ್ಕೆ ಬಳಸಬಹುದು ಎಂದು ಹೇಳುವ ಪ್ರಮಾಣಪತ್ರ, ಇಲ್ಲದಿದ್ದರೂ ನಡೆಯುತ್ತದೆ. ಕಟ್ಟಿದ ದಿನದಿಂದ ಅಪಾರ್ಟ್‌ಮೆಂಟ್ ಆಗಿಯೇ ಇದ್ದ ಬ್ರೂಕ್ಲಿನ್ ಹೈಟ್ಸ್ ಕಟ್ಟಡಕ್ಕೆ ಈ ರಿಯಾಯಿತಿ ಅನ್ವಯಿಸಬಹುದು. ಕಾರ್ಖಾನೆ ಮನೆಯಾಗಿದ್ದರೆ ಬಳಕೆ ಬದಲಾಗಿದೆ, ಆದ್ದರಿಂದ ಪ್ರಮಾಣಪತ್ರ ಇರಲೇಬೇಕು. ಅದರಲ್ಲಿ ನಿಮ್ಮ ಮಹಡಿಯ ಎದುರು ವಾಸದ ಮನೆ ಎಂದು ಬರೆದಿರಬೇಕು. ತಾತ್ಕಾಲಿಕ ಪ್ರಮಾಣಪತ್ರವನ್ನು ವರ್ಷಗಟ್ಟಲೆ ನವೀಕರಿಸುತ್ತ ಬಂದ ಕಟ್ಟಡಗಳೂ ಇವೆ; ಅದು ಯಾಕೆ ಅಂತಿಮವಾಗಿಲ್ಲ ಎಂಬುದಕ್ಕೆ ನೇರ ಉತ್ತರ ಸಿಗುವ ತನಕ ಸಹಿ ಹಾಕಬೇಡಿ. ಇದೆಲ್ಲ ನಗರದ ಕಟ್ಟಡ ಇಲಾಖೆಯ ಜಾಲತಾಣದಲ್ಲಿ ವಿಳಾಸ ಹಾಕಿದರೆ ಉಚಿತವಾಗಿ ಸಿಗುತ್ತದೆ. ಮನೆ ಹಿಂದೆ ಎಷ್ಟಕ್ಕೆ ಮಾರಾಟವಾಗಿತ್ತು, ಮೇಲೆ ಎಷ್ಟು ಸಾಲವಿದೆ ಎಂಬುದು ಅಕ್ರಿಸ್ ಎಂಬ ನಗರದ ದಾಖಲೆ ತಾಣದಲ್ಲಿದೆ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕೂತರೆ ಏಜೆಂಟರು ಹೇಳದ ಎಷ್ಟೋ ವಿಷಯ ತಿಳಿಯುತ್ತದೆ.

ಅಟ್ಟ ಹಾಕಿ ಮಲಗುವ ಜಾಗ ಮಾಡಿದ್ದರೆ ಅದು ಮಂಜೂರಾದ ನಕ್ಷೆಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಆ ಜಾಗದ ಬೆಲೆ ಸೊನ್ನೆ.

ಸೋಹೋ ಮತ್ತು ಅದರ ಪಕ್ಕದ ನೋಹೋದಲ್ಲಿ ಇನ್ನೊಂದು ಗಂಟಿದೆ. 1971ರಲ್ಲಿ ನಗರ ಅಲ್ಲಿನ ಲಾಫ್ಟ್ ವಾಸವನ್ನು ಕಾನೂನುಬದ್ಧಗೊಳಿಸಿದ್ದು ಕಲಾವಿದರಿಗೆ ಮಾತ್ರ. ಸಂಸ್ಕೃತಿ ಇಲಾಖೆಯ ಪ್ರಮಾಣಪತ್ರ ಇದ್ದವರೇ ಇರಬೇಕು. ಆ ಷರತ್ತು ಈಗಲೂ ಎಷ್ಟೋ ಮನೆಗಳ ಕಾಗದದಲ್ಲಿದೆ. 2021ರ ಡಿಸೆಂಬರ್‌ನಲ್ಲಿ ವಲಯ ನಿಯಮ ಬದಲಾಯಿತು: ಕಲಾ ನಿಧಿಗೆ, ಆಗಿನ ದರದಲ್ಲಿ, ಚದರ ಅಡಿಗೆ 100 ಡಾಲರ್ ಕಟ್ಟಿದರೆ ಸಾಮಾನ್ಯ ವಾಸದ ಮನೆಯಾಗಿ ಪರಿವರ್ತಿಸಬಹುದು. 2,000 ಚದರ ಅಡಿಗೆ ಎರಡು ಲಕ್ಷ ಡಾಲರ್! ಈ ಶುಲ್ಕದ ವಿಷಯ ಕೋರ್ಟಿಗೂ ಹೋಗಿದೆ, ಆದ್ದರಿಂದ ಕೊಳ್ಳುವ ದಿನದ ಸ್ಥಿತಿಯನ್ನು ವಕೀಲರಿಂದಲೇ ಕೇಳಿ. ಸಾಫ್ಟ್‌ವೇರ್ ಕೆಲಸದವರು ಸೋಹೋ ಲಾಫ್ಟ್‌ನ ಬೆಲೆ ‘ಕಡಿಮೆ’ ಎಂದು ಹಿಗ್ಗುವ ಮೊದಲು ಈ ಒಂದು ಸಾಲು ಹುಡುಕಲಿ. ಇನ್ನು ಕಾರ್ಖಾನೆ ಕಟ್ಟಡಗಳಲ್ಲಿ ವಾಸಿಸುವವರನ್ನು ಕಾಯುವ 1982ರ ಲಾಫ್ಟ್ ಕಾನೂನಿನ ರಕ್ಷಣೆಯಲ್ಲಿರುವ ಬಾಡಿಗೆದಾರರು ಕಟ್ಟಡದಲ್ಲಿದ್ದಾರೆಯೇ ಎಂಬುದನ್ನೂ ವಕೀಲರು ಪರಿಶೀಲಿಸಬೇಕು.

ಕಾಂಡೋ, ಕೋಆಪ್, ಹೊಸ ಕಾಂಡೋ: ದುಡ್ಡಿನ ಲೆಕ್ಕ

ಕಾಂಡೋ ಅಂದರೆ ಆಸ್ತಿ ನಿಮ್ಮ ಹೆಸರಿಗೆ. ಕೋಆಪ್ ಅಂದರೆ ಕಟ್ಟಡದ ಕಂಪನಿಯಲ್ಲಿ ನಿಮಗೆ ಷೇರು, ಆ ಷೇರಿಗೆ ಮನೆಯಲ್ಲಿ ಇರುವ ಹಕ್ಕು. ನ್ಯೂಯಾರ್ಕ್ ರಾಜ್ಯದಲ್ಲಿ ಕಾಂಡೋ ಕಾನೂನು ಬಂದದ್ದೇ 1964ರಲ್ಲಿ, ಹಾಗಾಗಿ ಯುದ್ಧಪೂರ್ವದ ಅಪಾರ್ಟ್‌ಮೆಂಟ್‌ಗಳಲ್ಲಿ ಮಾರಾಟಕ್ಕೆ ಬರುವ ಹೆಚ್ಚಿನವು ಕೋಆಪ್. ಯುದ್ಧಪೂರ್ವ ಕಟ್ಟಡದಲ್ಲಿ ಕಾಂಡೋ ಎಂಬ ಜೋಡಿ ಅಪರೂಪ, ಆ ಅಪರೂಪಕ್ಕೂ ಬೆಲೆಯಿದೆ.

15 ಲಕ್ಷ ಡಾಲರಿನ ಮನೆ, 20% ಕೈಯಿಂದ, 12 ಲಕ್ಷ ಸಾಲ ಎಂದು ಲೆಕ್ಕ ಹಾಕೋಣ. ಮೂರು ಕಡೆಯೂ ದುಬಾರಿ ಮನೆ ಕೊಳ್ಳುವವರು ಕಟ್ಟುವ ‘ಮ್ಯಾನ್ಷನ್ ಟ್ಯಾಕ್ಸ್’ 1%, ಅಂದರೆ 15,000 ಡಾಲರ್. ಇದು 10 ಲಕ್ಷದಿಂದ ಶುರುವಾಗಿ, 20 ಲಕ್ಷ ದಾಟಿದ ಮೇಲೆ ಹಂತಹಂತವಾಗಿ ಏರುತ್ತದೆ. ಮಾಲೀಕರಿಂದ ಕೊಳ್ಳುವ ಹಳೆಯ ಲಾಫ್ಟ್ ಕಾಂಡೋಗೆ ಇದರ ಜೊತೆ ಸಾಲದ ನೋಂದಣಿ ತೆರಿಗೆ ಸೇರುತ್ತದೆ: ಸಾಲದ 1.925%, ಅಂದರೆ 23,100 ಡಾಲರ್. ಎರಡೂ ಸೇರಿ 38,100. ಒಡೆತನದ ತಕರಾರು ಬಂದರೆ ಕಾಯುವ ಟೈಟಲ್ ವಿಮೆಗೆ ಮೇಲೆ ಇನ್ನೂ ಕೆಲವು ಸಾವಿರ. ಕೋಆಪ್‌ನಲ್ಲಿ ನೀವು ಕೊಳ್ಳುವುದು ಷೇರಾದ್ದರಿಂದ ನೋಂದಣಿ ತೆರಿಗೆಯೂ ಇಲ್ಲ, ಟೈಟಲ್ ವಿಮೆಯೂ ಕಡ್ಡಾಯವಲ್ಲ. 15,000ಕ್ಕೆ ಮುಗಿಯಿತು, ವಕೀಲರ ಫೀಸು ಬಿಟ್ಟು. ಹೊಸ ಕಟ್ಟಡವನ್ನು ಡೆವಲಪರ್ ಕೈಯಿಂದ ಕೊಳ್ಳುವಾಗ ಮಾರುವವರು ಕಟ್ಟಬೇಕಾದ ವರ್ಗಾವಣೆ ತೆರಿಗೆಯನ್ನೂ ಕೊಳ್ಳುವವರ ತಲೆಗೆ ಕಟ್ಟುವುದು ರೂಢಿ: ನಗರದ್ದು 1.425%, ರಾಜ್ಯದ್ದು 0.4%, ಒಟ್ಟು 27,375. ಎಲ್ಲ ಸೇರಿ 65,000 ಡಾಲರ್ ದಾಟುತ್ತದೆ. ಇದು ಕಾನೂನಲ್ಲ, ರೂಢಿ. ಮಾರಾಟ ಮಂದಗತಿಯಲ್ಲಿರುವಾಗ ಡೆವಲಪರ್ ಜೊತೆ ಚೌಕಾಸಿ ಮಾಡಿ ಇಳಿಸಿಕೊಂಡವರು ಎಷ್ಟೋ ಜನ.

ಹಾಗಾದರೆ ಕೋಆಪ್ ಅಗ್ಗವಲ್ಲವೇ? ಹೌದು, ಅಗ್ಗ. ತಿಂಗಳ ನಿರ್ವಹಣೆ ದೊಡ್ಡದಾಗಿ ಕಂಡರೂ ಅದರಲ್ಲಿ ಆಸ್ತಿ ತೆರಿಗೆ, ಕಟ್ಟಡದ ಸಾಲದ ಬಡ್ಡಿ ಸೇರಿರುತ್ತವೆ. ಕಾಂಡೋದ ತಿಂಗಳ ಶುಲ್ಕ ಚಿಕ್ಕದು, ಆಸ್ತಿ ತೆರಿಗೆ ಬೇರೆ. ಹೋಲಿಸುವಾಗ ಎರಡನ್ನೂ ಕೂಡಿಸಿ ಹೋಲಿಸಿ. ಕೋಆಪ್‌ನ ಬೆಲೆ ಇರುವುದು ಸ್ವಾತಂತ್ರ್ಯದಲ್ಲಿ. ಮಂಡಳಿ ನಿಮ್ಮ ತೆರಿಗೆ ಪತ್ರ, ಬ್ಯಾಂಕ್ ಲೆಕ್ಕ, ಕಚೇರಿಯ ಪತ್ರ ಎಲ್ಲ ಓದಿ, ಎದುರು ಕೂರಿಸಿ ಮಾತಾಡಿಸಿ, ಆಮೇಲೆ ಬೇಡ ಎನ್ನಬಹುದು. ಮನೆ ಕೊಂಡ ಮೇಲೂ ಒಂದೆರಡು ವರ್ಷದ ಕಂತಿನಷ್ಟು ದುಡ್ಡು ಬ್ಯಾಂಕಿನಲ್ಲಿರಬೇಕು ಎನ್ನುವ ಮಂಡಳಿಗಳು ಸಾಮಾನ್ಯ. ಭಾರತದಲ್ಲಿರುವ ಠೇವಣಿ, ಸೈಟು ಇವನ್ನು ಎಷ್ಟೋ ಮಂಡಳಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಾಡಿಗೆಗೆ ಕೊಡುವುದಕ್ಕೆ ಮಿತಿ, ಕೆಲವು ಕಡೆ ಪೂರ್ತಿ ನಿಷೇಧ.

ಎಚ್-1ಬಿ ವೀಸಾದಲ್ಲಿರುವವರು ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಲಸ ಡಲ್ಲಾಸ್‌ಗೆ ಹೋಯಿತು, ಅಥವಾ ಊರಿಗೆ ಮರಳಬೇಕಾಯಿತು ಅಂದರೆ ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಡುವ ದಾರಿ ತೆರೆದಿರಬೇಕು. ಕಾಂಡೋದಲ್ಲಿ ಅದು ಸುಲಭ. ಮಂಡಳಿಗೆ ಇರುವುದು ಹೆಚ್ಚೆಂದರೆ ಅದೇ ಬೆಲೆಗೆ ತಾನೇ ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ಮೊದಲ ಹಕ್ಕು. ಹತ್ತು ವರ್ಷ ಇಲ್ಲೇ ಇರುತ್ತೇವೆ ಎಂಬ ಭರವಸೆ ಇಲ್ಲದವರಿಗೆ 23,000 ಡಾಲರ್ ಉಳಿಸಲು ಕೋಆಪ್ ಬೇಡ. ಗ್ರೀನ್ ಕಾರ್ಡ್ ಬಂದು, ಮಕ್ಕಳು ಶಾಲೆಗೆ ಹೋಗುತ್ತ, ಗಟ್ಟಿಯಾಗಿ ಬೇರೂರಿದವರಿಗೆ ಬ್ರೂಕ್ಲಿನ್ ಹೈಟ್ಸ್‌ನ ಕೋಆಪ್‌ಗಿಂತ ಒಳ್ಳೆಯ ಮನೆ ಈ ನಗರದಲ್ಲಿ ಕಡಿಮೆ. 1965ರಲ್ಲಿ ನಗರ ಗುರುತಿಸಿದ ಮೊಟ್ಟಮೊದಲ ಐತಿಹಾಸಿಕ ಪ್ರದೇಶ ಅದು. ಬೀದಿಗಳು ಶಾಂತ, ಕೋಣೆಗೆ ಕೋಣೆ, ಬಾಗಿಲಿಗೆ ಬಾಗಿಲು, ಅಡುಗೆಮನೆಗೆ ಕಿಟಕಿ.

ಊರಿನಿಂದ ದುಡ್ಡು ತರಿಸುವವರು ನೆನಪಿಡಿ: ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಭಾರತದಲ್ಲಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳಿಸಬಹುದಾದದ್ದು 2,50,000 ಡಾಲರ್. ಅಪ್ಪ ಅಮ್ಮ ಇಬ್ಬರೂ ಕಳಿಸುವುದಾದರೆ ಮಾರ್ಚ್ ಮತ್ತು ಏಪ್ರಿಲ್ ನಡುವಿನ ಗಡಿ ಲೆಕ್ಕ ಹಾಕಿಕೊಂಡೇ ಒಪ್ಪಂದದ ದಿನಾಂಕ ಇಟ್ಟುಕೊಳ್ಳಿ. ಒಪ್ಪಂದಕ್ಕೆ ಸಹಿ ಹಾಕುವಾಗ 10% ಮುಂಗಡ ಕೈಯಲ್ಲಿರಬೇಕು.

ಕಟ್ಟಡದ ಆರೋಗ್ಯ

ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ನಿಯತವಾಗಿ ಪರೀಕ್ಷಿಸಬೇಕೆಂಬ ಕಾನೂನು ನ್ಯೂಯಾರ್ಕ್‌ನಲ್ಲಿದೆ. 1979ರಲ್ಲಿ ಕಟ್ಟಡವೊಂದರಿಂದ ಕಳಚಿ ಬಿದ್ದ ತುಂಡು ತಗುಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸತ್ತಳು. ಮರುವರ್ಷವೇ ಕಾನೂನು ಬಂತು, 1998ರಲ್ಲಿ ಲೋಕಲ್ ಲಾ 11 ಅದನ್ನು ಬಿಗಿಗೊಳಿಸಿತು. ಐದೈದು ವರ್ಷದ ಸುತ್ತುಗಳಲ್ಲಿ ನಡೆದುಬಂದ ಈ ತಪಾಸಣೆಯ ವರದಿಯಲ್ಲಿ ಕಟ್ಟಡ ಸುರಕ್ಷಿತವೋ, ದುರಸ್ತಿ ಬೇಕಾದದ್ದೋ, ಅಪಾಯಕಾರಿಯೋ ಎಂದು ಬರೆದಿರುತ್ತದೆ. ಆ ವರದಿಯೂ ಸಾರ್ವಜನಿಕ. ಬಾಗಿಲ ಮುಂದೆ ಕಬ್ಬಿಣದ ಕೊಳವೆ, ಹಲಗೆಯ ಚಪ್ಪರ ನಿಂತಿದ್ದರೆ ಅದು ಯಾವಾಗಿನಿಂದ ಇದೆ, ದುರಸ್ತಿಗೆ ಎಷ್ಟು ಎತ್ತಿದ್ದಾರೆ, ಇನ್ನೂ ಎಷ್ಟು ಎತ್ತಬೇಕು ಎಂದು ಕೇಳಿ. ಹಳೆಯ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಹಿಗ್ಗಿ ಮೇಲ್ಮೈ ಸಿಡಿಯುವುದುಂಟು. ಅದರ ದುರಸ್ತಿ ಖರ್ಚು ‘ವಿಶೇಷ ವಸೂಲಿ’ ಹೆಸರಲ್ಲಿ ಪ್ರತಿ ಮನೆಗೂ ಹಂಚಿಕೆಯಾಗುತ್ತದೆ. ಮಂಡಳಿಯ ಸಭಾ ನಡಾವಳಿಗಳನ್ನು ವಕೀಲರು ಓದುತ್ತಾರೆ. ಅವರ ಸಾರಾಂಶದಲ್ಲಿ ‘ಸೋರಿಕೆ’ ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ಕೇಳಿನೋಡಿ.

2019ರ ಲೋಕಲ್ ಲಾ 97 ಹೊಸ ತಲೆನೋವು. 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳು ಉಗುಳುವ ಇಂಗಾಲಕ್ಕೆ 2024ರಿಂದ ಮಿತಿ ಬಂದಿದೆ, 2030ರಿಂದ ಮಿತಿ ಬಹಳ ಬಿಗಿ. ಮೀರಿದ ಪ್ರತಿ ಟನ್ನಿಗೆ 268 ಡಾಲರ್ ದಂಡ. ಹಳೆಯ ಉಗಿ ಬಾಯ್ಲರ್ ಇರುವ ಕಟ್ಟಡ 2030ಕ್ಕೆ ಏನು ಮಾಡಲಿದೆ ಎಂಬ ಪ್ರಶ್ನೆಗೆ ಮಂಡಳಿಯಲ್ಲಿ ಲಿಖಿತ ಉತ್ತರ ಇರಬೇಕು. ಇಲ್ಲದಿದ್ದರೆ ಅದು ಬೆಲೆ ಇಳಿಸಿ ಕೇಳಲು ಒಳ್ಳೆಯ ಕಾರಣ.

ನೀರು ಮರೆಯಬೇಡಿ. 2012ರ ಅಕ್ಟೋಬರಿನ ಸ್ಯಾಂಡಿ ಚಂಡಮಾರುತದಲ್ಲಿ ಡಂಬೋದ ದಂಡೆ ಮುಳುಗಿತ್ತು. ನದಿಯ ಪಕ್ಕದ ಗಾಜಿನ ಮನೆಯೊಳಗಿನ ತಿರುಗುಕುದುರೆ ನೀರಿನ ನಡುವೆ ದೀಪ ಹೊತ್ತಿಕೊಂಡೇ ನಿಂತ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ಏಳನೇ ಮಹಡಿಯಲ್ಲಿರುವ ನಿಮಗೆ ನೀರು ಬರುವುದಿಲ್ಲ. ಆದರೆ ವಿದ್ಯುತ್ ಫಲಕ, ಪಂಪು, ಬಾಯ್ಲರ್ ನೆಲಮಾಳಿಗೆಯಲ್ಲಿದ್ದರೆ ಲಿಫ್ಟೂ ಇಲ್ಲ, ಬಿಸಿನೀರೂ ಇಲ್ಲ. ಸ್ಯಾಂಡಿಯ ನಂತರ ಅವನ್ನು ಮೇಲಕ್ಕೆ ಸಾಗಿಸಿದ್ದಾರೆಯೇ, ಕಟ್ಟಡಕ್ಕೆ ಪ್ರವಾಹ ವಿಮೆ ಇದೆಯೇ?

ಆ ಕಾರ್ಖಾನೆಯಲ್ಲಿ ಏನು ತಯಾರಾಗುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಡ್ಸನ್ ಆಚೆಯ ಹೊಬೋಕೆನ್‌ನಲ್ಲಿ ಗ್ರ್ಯಾಂಡ್ ಸ್ಟ್ರೀಟಿನ ಒಂದು ಹಳೆಯ ಕಾರ್ಖಾನೆಯನ್ನು 1990ರ ದಶಕದಲ್ಲಿ ಲಾಫ್ಟ್ ಮನೆಗಳಾಗಿ ಮಾಡಿದ್ದರು. ಅಲ್ಲಿ ಹಿಂದೆ ಪಾದರಸದ ದೀಪ ತಯಾರಾಗುತ್ತಿತ್ತು. ಮನೆಯ ಕೆಲಸ ಮಾಡಿಸುವಾಗ ನೆಲದಡಿಯಿಂದ ಪಾದರಸದ ಹನಿಗಳು ಹೊರಬಂದವು. 1996ರ ಆರಂಭದಲ್ಲಿ ಮಕ್ಕಳೂ ಸೇರಿ ಎಲ್ಲರನ್ನೂ ಅಲ್ಲಿಂದ ತೆರವುಗೊಳಿಸಿದರು, ಕೊನೆಗೆ ಕಟ್ಟಡವನ್ನೇ ಕೆಡವಬೇಕಾಯಿತು. ರಟ್ಟು, ಬಟ್ಟೆ, ಕಾಫಿ ಗೋದಾಮು ಆಗಿದ್ದರೆ ನೆಮ್ಮದಿ. ಲೋಹ, ಬಣ್ಣ, ರಸಾಯನ, ಬ್ಯಾಟರಿ ಆಗಿದ್ದರೆ ಪರೀಕ್ಷಾ ವರದಿ ಕೈಗೆ ಬರುವ ತನಕ ಮುಂದುವರಿಯಬೇಡಿ. ಮಕ್ಕಳಿರುವ ಮನೆಯವರು ಸೀಸದ ಬಣ್ಣದ ತಪಾಸಣೆಯನ್ನೂ ಮಾಡಿಸಬೇಕು. ನಗರದಲ್ಲಿ ಅದು ನಿಷೇಧವಾದದ್ದು 1960ರಲ್ಲಿ.

ಹೊಸ ಕಟ್ಟಡ ಮತ್ತು ಜರ್ಸಿ ಸಿಟಿ

ಜೇ ಸ್ಟ್ರೀಟ್‌ನ ಫ್ರಂಟ್ ಅಂಡ್ ಯಾರ್ಕ್‌ನಂಥ ಹೊಸ ಕಟ್ಟಡಗಳು ಹಳೆಯ ಕಾರ್ಖಾನೆಯ ಜಾಲರಿ ಕಿಟಕಿಗಳನ್ನು ಅನುಸರಿಸಿ ಕಟ್ಟಿದವು. ನೋಟ ಚೆನ್ನಾಗಿದೆ. ಕೊಳವೆ, ತಂತಿ, ಲಿಫ್ಟ್ ಹೊಸದು, ಪ್ರತಿ ಕೋಣೆಗೆ ತನ್ನದೇ ತಂಪು ಮತ್ತು ಬಿಸಿ, ಈಜುಕೊಳ, ಜಿಮ್. ಆ ಸೌಲಭ್ಯಗಳ ಖರ್ಚು ಪ್ರತಿ ತಿಂಗಳೂ ಬರುತ್ತದೆ, ಈಜಿದರೂ ಈಜದಿದ್ದರೂ. ತೆರಿಗೆ ರಿಯಾಯಿತಿ ಇರುವ ಹೊಸ ಕಟ್ಟಡವಾದರೆ ಅದು ಯಾವ ವರ್ಷ ಮುಗಿಯುತ್ತದೆ, ಮುಗಿದ ಮೇಲೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಹೊಸ ಕಟ್ಟಡಗಳಿಗೆ ಕೊಟ್ಟ 421-ಎ ಎಂಬ ಆಸ್ತಿ ತೆರಿಗೆ ರಿಯಾಯಿತಿ ಮುಗಿಯುವ ಹೊತ್ತಿಗೆ ಮನೆ ಮಾರಲು ಹೊರಟವರಿಗೆ ಬೆಲೆ ಕುಸಿದಿರಬಹುದು. ವಾಸದ ಸ್ವಂತ ಮನೆಗೆ ಸಿಗುವ 17.5ರಿಂದ 28.1% ತನಕದ ಕಾಂಡೋ-ಕೋಆಪ್ ರಿಯಾಯಿತಿ ಬೇರೆಯದು, ಅದು ಹಳೆಯ ಲಾಫ್ಟ್‌ಗೂ ಸಿಗುತ್ತದೆ. ನನಗೆ ಹೊಸ ಕಟ್ಟಡದ ಚಾವಣಿ, ಗೋಡೆಯ ತೆಳುವು ಯಾವತ್ತೂ ಒಗ್ಗಿಲ್ಲ. ಆದರೆ ಇಬ್ಬರೂ ಕೆಲಸಕ್ಕೆ ಹೋಗುವ, ದುರಸ್ತಿಯ ಗೋಜು ಬೇಡ ಎನ್ನುವ ದಂಪತಿಗೆ ಅದನ್ನು ಬೇಡ ಎನ್ನುವುದು ಅನ್ಯಾಯ.

ಜರ್ಸಿ ಸಿಟಿಯಲ್ಲೂ ಹಳೆಯ ಕಾರ್ಖಾನೆಯ ಮನೆಗಳಿವೆ. ಡೌನ್‌ಟೌನ್‌ನ ಡಿಕ್ಸನ್ ಮಿಲ್ಸ್ ಒಂದು ಕಾಲಕ್ಕೆ ಪೆನ್ಸಿಲ್ ಕಾರ್ಖಾನೆ. ಜರ್ಸಿ ಸಿಟಿಯಲ್ಲಿ ಸಾಲದ ನೋಂದಣಿ ತೆರಿಗೆ ಇಲ್ಲ. 10 ಲಕ್ಷ ಮೀರಿದ ಮನೆಗಳ ಮೇಲಿನ ಶುಲ್ಕವನ್ನು 2025ರ ಜುಲೈನಿಂದ ಮಾರುವವರೇ ಕಟ್ಟಬೇಕು. ನ್ಯೂಯಾರ್ಕ್ ನಗರದ ಆದಾಯ ತೆರಿಗೆ, ಗರಿಷ್ಠ 3.876%, ಆ ನಗರದ ನಿವಾಸಿಗಳಿಗೆ ಮಾತ್ರ. ನದಿಯಾಚೆ ಇದ್ದು ಮ್ಯಾನ್‌ಹ್ಯಾಟನ್‌ನಲ್ಲಿ ದುಡಿದರೆ ಅದು ಇಲ್ಲ. ದೊಡ್ಡ ಸಂಬಳದವರಿಗೆ ಈ ಒಂದೇ ವ್ಯತ್ಯಾಸ ಉಳಿದೆಲ್ಲ ಲೆಕ್ಕವನ್ನು ನುಂಗಿಹಾಕಬಹುದು. ನ್ಯೂವರ್ಕ್ ಅವೆನ್ಯೂದ ಇಂಡಿಯಾ ಸ್ಕ್ವೇರ್‌ನಲ್ಲಿ ಕರಿಬೇವು, ರವೆ, ತೆಂಗಿನಕಾಯಿ ಸಿಗುತ್ತವೆ. ಡಂಬೋದವರಿಗೆ ಯಾರ್ಕ್ ಸ್ಟ್ರೀಟ್ ನಿಲ್ದಾಣದ ಎಫ್ ರೈಲು ನೇರ ಭಾರತೀಯ ಅಂಗಡಿಗಳಿರುವ ಜಾಕ್ಸನ್ ಹೈಟ್ಸ್‌ಗೆ ಒಯ್ಯುತ್ತದೆ, ದಿನಸಿಗೆ ತೊಂದರೆಯಿಲ್ಲ. ದೂರವಷ್ಟೇ.

ಶಾಲೆ ನೋಡುವವರಿಗೆ ಒಂದು ಮಾತು: 2016ರಲ್ಲಿ ಡಂಬೋದ ಶಾಲಾ ವಲಯ ಪಿಎಸ್ 8 ಎಂಬ ಸರ್ಕಾರಿ ಶಾಲೆಯಿಂದ ಪಿಎಸ್ 307ಕ್ಕೆ ಬದಲಾಯಿತು. ಹಳೆಯ ಜಾಹೀರಾತು, ಹಳೆಯ ನೆನಪು ನಂಬದೆ ನೇರ ವಿಳಾಸ ಹಾಕಿ ಪರೀಕ್ಷಿಸಿ.

ಯಾರಿಗೆ ಯಾವುದು

ಬಾಡಿಗೆಗೆ ಕೊಡುವ ಸ್ವಾತಂತ್ರ್ಯ ಬೇಕು, ಬೆಳಕೂ ವಿಶಾಲತೆಯೂ ಬೇಕು, ಒಂದು ಅಥವಾ ಎರಡು ಬೆಡ್‌ರೂಮ್ ಸಾಕು ಎನ್ನುವವರಿಗೆ ಡಂಬೋದ ಕಾಂಕ್ರೀಟ್ ಲಾಫ್ಟ್ ಕಾಂಡೋ ನನ್ನ ಮೊದಲ ಆಯ್ಕೆ. ಷರತ್ತುಗಳಿಷ್ಟು: ಸೇತುವೆಗೆ ಬೆನ್ನುಮಾಡಿದ ಮನೆ, ಎರಡು ದಿಕ್ಕಿನ ಕಿಟಕಿ, ಅಂತಿಮ ಪ್ರಮಾಣಪತ್ರ, ಹೊರಕ್ಕೆ ಹೋಗುವ ಅಡುಗೆ ಕೊಳವೆ, ಮುಗಿದ ಗೋಡೆ ದುರಸ್ತಿ. ಇವುಗಳಲ್ಲಿ ಎರಡು ತಪ್ಪಿದರೂ ಮುಂದಿನ ಮನೆ ನೋಡಿ, ಎಷ್ಟೇ ಚೆಂದದ ಇಟ್ಟಿಗೆ ಗೋಡೆ ಇರಲಿ. ಮೂರು ಬೆಡ್‌ರೂಮ್ ಬೇಕಾದ, ಬೇರೂರಿದ ಕುಟುಂಬಕ್ಕೆ ಬ್ರೂಕ್ಲಿನ್ ಹೈಟ್ಸ್‌ನ ಕೋಆಪ್. ಸಂಬಳ ದೊಡ್ಡದು, ಕಚೇರಿ ನ್ಯೂಜರ್ಸಿ ಮತ್ತು ಮ್ಯಾನ್‌ಹ್ಯಾಟನ್ ನಡುವೆ ಓಡುವ ಪಾಥ್ ರೈಲಿನ ಹತ್ತಿರ ಎಂದಾದರೆ ಜರ್ಸಿ ಸಿಟಿ.

ಮನಸ್ಸಿಗೆ ಬಂದ ಲಾಫ್ಟನ್ನು ಎರಡನೇ ಸಲ ನೋಡಲು ಕೆಲಸದ ದಿನ ಸಂಜೆ ಆರು ಗಂಟೆಗೆ ಸಮಯ ಕೇಳಿ. ಕಿಟಕಿ ಒಂದು ತೆರೆದು, ಎಲ್ಲರೂ ಹತ್ತು ನಿಮಿಷ ಸುಮ್ಮನೆ ಕೂತು, ರೈಲು ಹೋಗುವುದನ್ನು ಕೇಳಿ. ಆಮೇಲೆ ಕಟ್ಟಡದ ಸೂಪರ್, ಅಂದರೆ ದಿನದ ಉಸ್ತುವಾರಿ ನೋಡುವವನು, ಸಿಕ್ಕರೆ ಮಾತಾಡಿಸಿ, ಕಳೆದ ಚಳಿಗಾಲದಲ್ಲಿ ಬಾಯ್ಲರ್ ಎಷ್ಟು ಸಲ ನಿಂತಿತ್ತು ಎಂದು ಕೇಳಿ. ಆ ಮನುಷ್ಯನಿಗೆ ಗೊತ್ತಿರುವಷ್ಟು ಆ ಕಟ್ಟಡದ ಬಗ್ಗೆ ಇನ್ಯಾರಿಗೂ ಗೊತ್ತಿರುವುದಿಲ್ಲ.